ಪೆಟ್ಟಿಗೆಯ ಮೇಲಿನ ಸಣ್ಣ ಗುರುತು

ಕಳೆದ ವರ್ಷ ರಜೆಯಲ್ಲಿ ಊರಿಗೆ ಬಂದ ನನ್ನ ಭಾವ ದಮ್ಮಾಮಿನಿಂದ ಮಗನಿಗೆಂದು ಒಂದು ದೊಡ್ಡ ಪೆಟ್ಟಿಗೆ ತಂದಿದ್ದರು. ವಿಮಾನ ನಿಲ್ದಾಣದಲ್ಲಿ ಸಾಮಾನಿನ ತೂಕ ಹೆಚ್ಚಾದಾಗ ಖರ್ಜೂರದ ಎರಡು ಡಬ್ಬಿ ಮತ್ತು ಮನೆಗೆಂದು ಕೊಂಡ ಕಂಬಳಿಯನ್ನು ತೆಗೆದು ಗೆಳೆಯನ ಕೈಗೆ ಕೊಟ್ಟರಂತೆ, ಆ ಪೆಟ್ಟಿಗೆಯನ್ನು ಮಾತ್ರ ಬಿಡಲಿಲ್ಲ. ಬಜ್ಪೆಯಿಂದ ಮನೆಗೆ ಬರುವ ದಾರಿಯುದ್ದಕ್ಕೂ ಹುಡುಗ ಅದನ್ನು ಮಡಿಲಲ್ಲಿಟ್ಟುಕೊಂಡೇ ಕುಳಿತಿದ್ದ. ಅದರೊಳಗಿದ್ದದ್ದು ವಿಮಾನ ಹಾರಿಸುವ ಆಟಕ್ಕೆ ಬೇಕಾದ ಜಾಯ್‌ಸ್ಟಿಕ್.

ನನ್ನ ಅಳಿಯ ಹತ್ತನೇ ತರಗತಿಯವನು. ಪೈಲಟ್ ಆಗಬೇಕೆಂಬುದು ಅವನ ಆಸೆ. ಮನೆಯಲ್ಲಿ ಟಿ.ವಿ.ಗೆ ಜೋಡಿಸುವ ಗೇಮ್ ಕನ್ಸೋಲ್ ಇದೆ. ಎರಡು ವರ್ಷದ ಈದ್ ಹಣ ಕೂಡಿಸಿ, ಉಳಿದದ್ದನ್ನು ದೊಡ್ಡವರು ಹಾಕಿ ಕೊಂಡದ್ದು. ಅದರ ಜೊತೆಗೆ ಬಂದ ಪುಟ್ಟ ಗೇಮ್‌ಪ್ಯಾಡಿನಲ್ಲಿ ವಿಮಾನ ಹಾರಿಸಿದರೆ ಅದು ಗಾಳಿಪಟದಂತೆ ಓಲಾಡುತ್ತದೆ ಎಂದು ಅವನ ದೂರು. ಹಾಗಾಗಿ ತಂದೆಯ ಬಳಿ ಒಂದು ವರ್ಷದಿಂದ ಬೇಡಿಕೆ ಇಟ್ಟಿದ್ದ.

ಅಂದು ಊಟವನ್ನೂ ಸರಿಯಾಗಿ ಮಾಡದೆ ಸ್ಟಿಕ್ಕನ್ನು ಜೋಡಿಸಿದ. ಟಿ.ವಿ. ಪರದೆಯ ಮೇಲೆ ಏನೂ ಆಗಲಿಲ್ಲ. ತೆಗೆದು ಮತ್ತೆ ಸಿಕ್ಕಿಸಿದ, ಕನ್ಸೋಲನ್ನು ಆಫ್ ಮಾಡಿ ಆನ್ ಮಾಡಿದ. ನೆರೆಯ ಹುಡುಗನೊಬ್ಬ ಬಂದು ವಯರ್ ಅಲುಗಾಡಿಸಿ ನೋಡಿದ. ರಾತ್ರಿ ಹತ್ತರ ಹೊತ್ತಿಗೆ ನನಗೆ ಫೋನ್ ಬಂತು. "ಮಾಮ, ಇದು ಹಾಳಾಗಿದೆಯಾ?" ಅವನ ಸ್ವರ ನಡುಗುತ್ತಿತ್ತು. ಹಿಂದಿನಿಂದ ಭಾವನ ಮಾತು ಕೇಳಿಸುತ್ತಿತ್ತು: "ಅಂಗಡಿಯವನು ಇದು ಆಗುತ್ತದೆ ಎಂದೇ ಹೇಳಿದ್ದು."

ಸ್ಟಿಕ್ ಹಾಳಾಗಿರಲಿಲ್ಲ. ಅಂಗಡಿಯವನು ಹೇಳಿದ್ದು ಸುಳ್ಳೂ ಅಲ್ಲ, ಅದು ಕನ್ಸೋಲಿಗೇ ಮಾಡಿದ ಸ್ಟಿಕ್. ಆದರೆ ಇನ್ನೊಂದು ಕಂಪೆನಿಯ ಕನ್ಸೋಲಿಗೆ. ಪೆಟ್ಟಿಗೆಯ ಬದಿಯಲ್ಲಿ ಬೆರಳುಗುರಿನಷ್ಟು ಅಗಲದ ಒಂದು ಗುರುತಿನಲ್ಲಿ ಅದನ್ನು ಮುದ್ರಿಸಿದ್ದರು. ತಂದೆಗೆ ಏನನ್ನು ಕೇಳಬೇಕೆಂದು ಗೊತ್ತಿರಲಿಲ್ಲ. ಮಗ ಏನನ್ನು ಹೇಳಿ ಕಳಿಸಬೇಕೆಂದು ತಿಳಿದಿರಲಿಲ್ಲ. ಮರಳಿಸೋಣವೆಂದರೆ ಅಂಗಡಿ ಕಡಲಾಚೆ.

ಇಂತಹ ಪೆಟ್ಟಿಗೆಗಳು ನಮ್ಮ ಎಷ್ಟೋ ಮನೆಗಳ ಕಪಾಟಿನ ಮೇಲೆ ಧೂಳು ಹಿಡಿದು ಕೂತಿರಬಹುದು. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಬಾಗಿಲು ತೆರೆದ ಮನೆ, ಬಾಗಿಲು ಮುಚ್ಚಿದ ಮನೆ

ಪೆನ್‌ಡ್ರೈವ್ ಯಾವ ಕಂಪ್ಯೂಟರಿಗೆ ಹಾಕಿದರೂ ಓದುತ್ತದೆ. ಒಂದೇ ಚಾರ್ಜರ್ ಮನೆಯ ನಾಲ್ಕು ಮೊಬೈಲಿಗೆ ಆಗುತ್ತದೆ. ಇದನ್ನು ಕಂಡ ನಾವು ಯು.ಎಸ್.ಬಿ. ತುದಿ ಇರುವುದೆಲ್ಲ ಎಲ್ಲದಕ್ಕೂ ಹೊಂದುತ್ತದೆ ಎಂದು ಭಾವಿಸುತ್ತೇವೆ. ಜಾಯ್‌ಸ್ಟಿಕ್ ವಿಷಯದಲ್ಲಿ ಈ ಲೆಕ್ಕ ಅರ್ಧ ಮಾತ್ರ ಸರಿ.

ಕಂಪ್ಯೂಟರ್ ಬಾಗಿಲು ತೆರೆದ ಮನೆಯಿದ್ದಂತೆ. ಸ್ಟಿಕ್ಕನ್ನು ಸಿಕ್ಕಿಸಿದೊಡನೆ ಅದು 'ನನ್ನಲ್ಲಿ ಇಷ್ಟು ಗುಂಡಿಗಳಿವೆ, ಇಷ್ಟು ಚಲನೆಗಳಿವೆ' ಎಂದು ಎಲ್ಲರಿಗೂ ತಿಳಿದ ಒಂದು ಸಾಮಾನ್ಯ ಭಾಷೆಯಲ್ಲಿ ತನ್ನನ್ನು ಪರಿಚಯಿಸಿಕೊಳ್ಳುತ್ತದೆ. ವಿಂಡೋಸ್ ಅದನ್ನು ಒಪ್ಪಿಕೊಳ್ಳುತ್ತದೆ. ಹತ್ತು ಹದಿನೈದು ವರ್ಷ ಹಳೆಯ ಯು.ಎಸ್.ಬಿ. ಸ್ಟಿಕ್ ಕೂಡ ಸಾಮಾನ್ಯವಾಗಿ ಹೀಗೆ ಕೆಲಸ ಮಾಡುತ್ತದೆ. ಅದಕ್ಕೂ ಹಿಂದಿನ, 15 ಪಿನ್ನಿನ ಅಗಲವಾದ ತುದಿಯಿರುವ ಸ್ಟಿಕ್ ಮನೆಯಲ್ಲಿದ್ದರೆ ಅದರ ಆಸೆ ಬಿಡುವುದೇ ಒಳ್ಳೆಯದು. ಆ ಬಗೆಯ ಕಿಂಡಿಗೆ ಬೆಂಬಲ ಕೊಡುವುದನ್ನು ವಿಂಡೋಸ್ ತನ್ನ ವಿಸ್ಟಾ ಆವೃತ್ತಿಯಲ್ಲೇ ನಿಲ್ಲಿಸಿತು.

ಕನ್ಸೋಲ್ ಹಾಗಲ್ಲ. ಅದರ ಬಾಗಿಲಲ್ಲಿ ಕಾವಲುಗಾರನಿದ್ದಾನೆ. ಎಕ್ಸ್‌ಬಾಕ್ಸ್ ಮೈಕ್ರೋಸಾಫ್ಟ್ ಕಂಪೆನಿಯದು, ಪ್ಲೇಸ್ಟೇಷನ್ ಸೋನಿಯದು. ಬೇರೆ ಕಂಪೆನಿಯವರು ಇವುಗಳಿಗೆ ಸ್ಟಿಕ್ ಮಾಡಬೇಕಾದರೆ ಅವರ ಪರವಾನಿಗೆ ಪಡೆಯಬೇಕು. ಪರವಾನಿಗೆ ಪಡೆದ ಸ್ಟಿಕ್ ಸಿಕ್ಕಿಸಿದೊಡನೆ ತನ್ನ ಗುರುತು ಚೀಟಿ ತೋರಿಸುತ್ತದೆ. ಅದಿಲ್ಲದ್ದನ್ನು ಕನ್ಸೋಲ್ ಒಳಗೆ ಬಿಡುವುದಿಲ್ಲ, ಎಷ್ಟೋ ಸಲ 'ಬಿಡುವುದಿಲ್ಲ' ಎಂದೂ ಹೇಳುವುದಿಲ್ಲ, ಸುಮ್ಮನೆ ಇರುತ್ತದೆ. ನನ್ನ ಅಳಿಯನ ಮನೆಯಲ್ಲಿ ಆದದ್ದು ಇದೇ. ಒಂದು ಕಂಪೆನಿಯ ಗುರುತು ಚೀಟಿ ಇನ್ನೊಂದರ ಬಾಗಿಲಲ್ಲಿ ನಡೆಯುವುದಿಲ್ಲ.

ಇದಕ್ಕೆ ಪರಿಹಾರವೆಂದು ನಡುವೆ ಸಿಕ್ಕಿಸುವ ಸಣ್ಣ ಅಡಾಪ್ಟರುಗಳು ಮಾರಾಟಕ್ಕಿವೆ. ಕೆಲವು ಕೆಲಸ ಮಾಡುವುದೂ ಉಂಟು. ಆದರೆ 2023ರ ನವೆಂಬರಿನಿಂದ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸಿನಲ್ಲಿ ಪರವಾನಿಗೆಯಿಲ್ಲದ ಉಪಕರಣಗಳನ್ನು ತಡೆಯತೊಡಗಿತು. ನಿನ್ನೆಯವರೆಗೆ ಆಡುತ್ತಿದ್ದದ್ದು ಒಂದು ಅಪ್‌ಡೇಟ್ ಬಂದ ಬಳಿಕ ನಿಂತುಹೋಗಬಹುದು. ಅಂಥದ್ದಕ್ಕೆ ಹಣ ಹಾಕಿ ಎಂದು ನಾನು ಯಾರಿಗೂ ಹೇಳಲಾರೆ.

ಎಕ್ಸ್ ಎಂದರೆ ಎಕ್ಸ್‌ಬಾಕ್ಸ್ ಅಲ್ಲ

ಹೆಸರು ನೋಡಿ ಕೊಂಡರೆ ಏನಾಗುತ್ತದೆ ಎಂಬುದಕ್ಕೆ ಥ್ರಸ್ಟ್‌ಮಾಸ್ಟರ್ ಕಂಪೆನಿಯ ಮೂರು ಅಣ್ಣತಮ್ಮಂದಿರಂತಹ ಸ್ಟಿಕ್‌ಗಳನ್ನೇ ನೋಡಿ. ಮೂರರದ್ದೂ ಬಹುತೇಕ ಒಂದೇ ರೂಪ. ಬಲಗೈಗೆ ಒಂದು ಹಿಡಿ, ಎಡಗೈಗೆ ವೇಗದ ಹಿಡಿ. ಒಂದರ ಹೆಸರು ಟಿ. ಫ್ಲೈಟ್ ಹೋಟಾಸ್ ಒನ್. ಅದು ಎಕ್ಸ್‌ಬಾಕ್ಸಿಗೆ ಮತ್ತು ಕಂಪ್ಯೂಟರಿಗೆ. ಇನ್ನೊಂದು ಹೋಟಾಸ್ 4. ಅದು ಪ್ಲೇಸ್ಟೇಷನ್ 4ಕ್ಕೆ ಮತ್ತು ಕಂಪ್ಯೂಟರಿಗೆ. ಮೂರನೆಯದು ಹೋಟಾಸ್ ಎಕ್ಸ್. ಎಕ್ಸ್ ಎಂದಿದೆಯಲ್ಲ, ಇದು ಎಕ್ಸ್‌ಬಾಕ್ಸಿಗೇ ಇರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಅದು ಕಂಪ್ಯೂಟರಿಗೆ ಮತ್ತು ಹಳೆಯ ಪ್ಲೇಸ್ಟೇಷನ್ 3ಕ್ಕೆ ಮಾಡಿದ್ದು. ಎಕ್ಸ್‌ಬಾಕ್ಸಿಗೂ ಅದಕ್ಕೂ ಸಂಬಂಧವೇ ಇಲ್ಲ.

ಹಾಗಾದರೆ ಎಕ್ಸ್ ಅಕ್ಷರವನ್ನು ನಂಬಲೇಬಾರದು ಎಂದುಕೊಂಡಿರೋ, ಅದೂ ತಪ್ಪು. ಅದೇ ಕಂಪೆನಿ ಏರ್‌ಬಸ್ ವಿಮಾನದ ಮಾದರಿಯಲ್ಲಿ ಟಿ.ಸಿ.ಎ. ಸೈಡ್‌ಸ್ಟಿಕ್ ಎಂಬುದನ್ನು ಮಾಡಿದೆ. ಮೊದಲು ಬಂದದ್ದು ಕಂಪ್ಯೂಟರಿಗೆ ಮಾತ್ರ. ಆ ಮೇಲೆ ಬಂದ ಸೈಡ್‌ಸ್ಟಿಕ್ ಎಕ್ಸ್ ನಿಜಕ್ಕೂ ಎಕ್ಸ್‌ಬಾಕ್ಸಿಗೆ ಆಗುತ್ತದೆ. ಹನಿಕೋಂಬ್ ಕಂಪೆನಿಯ ಆಲ್ಫಾ ಎಂಬ ಯೋಕ್ ಕಂಪ್ಯೂಟರಿಗೆ, ಆಲ್ಫಾ ಎಕ್ಸ್‌ಪಿಸಿ ಎಂಬುದು ಎಕ್ಸ್‌ಬಾಕ್ಸಿಗೂ ಕಂಪ್ಯೂಟರಿಗೂ. ಲಾಜಿಟೆಕ್‌ನ ಎಕ್ಸ್52, ಎಕ್ಸ್56ಗಳಲ್ಲಿ ಅಕ್ಷರ ಇದ್ದರೂ ಅವು ಕಂಪ್ಯೂಟರಿಗೆ ಮಾತ್ರ. ಅದೇ ಕಂಪೆನಿಯ ಎಕ್ಸ್‌ಟ್ರೀಮ್ 3ಡಿ ಪ್ರೊ ಕೂಡ ಹಾಗೆಯೇ. ಇದು ಬಹಳ ವರ್ಷಗಳಿಂದ ಮಾರುಕಟ್ಟೆಯಲ್ಲಿರುವ, ಹೆಚ್ಚು ದುಬಾರಿಯಲ್ಲದ ಸ್ಟಿಕ್.

ಆದ್ದರಿಂದ ಹೆಸರನ್ನು ಬಿಟ್ಟು ಪೆಟ್ಟಿಗೆಯ ಮೇಲಿನ ಗುರುತನ್ನು ಓದಿ. ಗಲ್ಫಿನಲ್ಲಿರುವ ಅಣ್ಣನಿಗೋ ತಂದೆಗೋ ಹೇಳಿ ಕಳಿಸುವಾಗ 'ಒಂದು ಜಾಯ್‌ಸ್ಟಿಕ್ ತನ್ನಿ' ಎನ್ನಬೇಡಿ. ನಿಮ್ಮ ಕನ್ಸೋಲಿನ ಅಡಿಭಾಗದ ಹೆಸರಿನ ಚೀಟಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸಿ. ಅವರು ಅಂಗಡಿಯಲ್ಲಿ ನಿಂತು ಪೆಟ್ಟಿಗೆಯ ನಾಲ್ಕೂ ಬದಿಯ ಫೋಟೊ ನಿಮಗೆ ಕಳಿಸಲಿ. ಹಣ ಕೊಡುವುದು ಆ ಮೇಲೆ. ವಾರಂಟಿ ಊರಿನಲ್ಲಿ ನಡೆಯುತ್ತದೆಯೇ ಎಂದು ಕೇಳುವುದೂ ಆಗಲೇ.

ಯಂತ್ರ ಒಪ್ಪಿದರೆ ಸಾಲದು

ಯಂತ್ರ ಒಪ್ಪಿದ ಸ್ಟಿಕ್ಕನ್ನು ಆಟವೂ ಒಪ್ಪಬೇಕು. ಇಲ್ಲಿ ಹೆಚ್ಚು ಆಯ್ಕೆಗಳೇನೂ ಇಲ್ಲದಿರುವುದರಿಂದ ಗೊಂದಲ ಕಡಿಮೆ.

ಎಲ್ಲರ ಬಾಯಲ್ಲಿರುವುದು ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್. ಇದರ ಮೊದಲ ಆವೃತ್ತಿ 1982ರದ್ದು. ಈಗಿನ ತಲೆಮಾರಿನದು 2020ರ ಆಗಸ್ಟಿನಲ್ಲಿ ಕಂಪ್ಯೂಟರಿಗೆ, 2021ರ ಜುಲೈಯಲ್ಲಿ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಎಸ್‌ಗೆ ಬಂತು. ಅದಕ್ಕಿಂತ ಹಳೆಯದಾದ ಎಕ್ಸ್‌ಬಾಕ್ಸ್ ಒನ್‌ನಲ್ಲಿ ಅದು ಇನ್‌ಸ್ಟಾಲ್ ಆಗುವುದಿಲ್ಲ. ಸ್ಟಿಕ್ ಕೊಳ್ಳುವ ಮೊದಲೇ ಇದನ್ನು ನೋಡಿಕೊಳ್ಳಬೇಕು. 2024ರ ನವೆಂಬರಿನಲ್ಲಿ ಇನ್ನೊಂದು ಆವೃತ್ತಿ ಬಂತು, ಅದು 2025ರ ಡಿಸೆಂಬರಿನಲ್ಲಿ ಪ್ಲೇಸ್ಟೇಷನ್ 5ಕ್ಕೂ ಬಂತು. ಪ್ಲೇಸ್ಟೇಷನ್ 4 ಇರುವ ಮನೆಯಲ್ಲಿ ಈ ಆಟ ಇಲ್ಲ. ಅಲ್ಲಿರುವುದು ಹೆಚ್ಚಾಗಿ ಯುದ್ಧ ವಿಮಾನದ ಗುಂಡಿನ ಆಟಗಳು. ಮಗು 'ವಿಮಾನದ ಆಟ' ಎಂದರೆ ಯಾವುದು ಎಂದು ಹೆತ್ತವರು ಒಮ್ಮೆ ಕೂತು ನೋಡುವುದು ಒಳ್ಳೆಯದು. ಪ್ರಯಾಣಿಕರನ್ನು ಸುರಕ್ಷಿತವಾಗಿ ಇಳಿಸುವುದು ಬೇರೆ, ಕಂಡದ್ದನ್ನೆಲ್ಲ ಸುಡುವುದು ಬೇರೆ.

ಕಂಪ್ಯೂಟರಿನಲ್ಲಿ ಇನ್ನೆರಡು ಹೆಸರುಗಳಿವೆ. ಎಕ್ಸ್-ಪ್ಲೇನ್ ಎಂಬುದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಮ್ಯಾಕ್ ಇದ್ದವರಿಗೆ ಇದೊಂದು ದಾರಿ, ಏಕೆಂದರೆ ಮೈಕ್ರೋಸಾಫ್ಟಿನದು ಅಲ್ಲಿಗೆ ಬರುವುದಿಲ್ಲ. ಇನ್ನೊಂದು ಫ್ಲೈಟ್‌ಗಿಯರ್. ಇದು ಪೂರ್ತಿ ಉಚಿತ, ಜಗತ್ತಿನ ನಾನಾ ಕಡೆಯ ಸ್ವಯಂಸೇವಕರು ಸೇರಿ ಕಟ್ಟಿದ್ದು. ಚಿತ್ರ ಅಷ್ಟು ಸೊಗಸಾಗಿಲ್ಲ, ಕಲಿಯುವುದಕ್ಕೆ ಧಾರಾಳ ಸಾಕು. ಇಂಟರ್‌ನೆಟ್ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಮೈಕ್ರೋಸಾಫ್ಟಿನ 2020ರ ಆವೃತ್ತಿ ಡಿಸ್ಕಿನಲ್ಲಿ 150 ಗಿಗಾಬೈಟ್ ಜಾಗ ಕೇಳಿತ್ತು. 2024ರದ್ದು 50 ಸಾಕೆನ್ನುತ್ತದೆ, ಆದರೆ ಹಾರುವಾಗ ಕೆಳಗಿನ ಊರುಕೇರಿಗಳನ್ನೆಲ್ಲ ಇಂಟರ್‌ನೆಟ್‌ನಿಂದಲೇ ತರಿಸಿಕೊಳ್ಳುತ್ತದೆ. ಮೊಬೈಲಿನ ಡೇಟಾ ಹಂಚಿಕೊಂಡು ಆಡುವ ಮನೆಯಲ್ಲಿ ಇದು ನಡೆಯುವ ಮಾತಲ್ಲ.

ಕೋಲೋ, ನೊಗವೋ?

ವಿಮಾನಕ್ಕೆ ಮುಖ್ಯವಾಗಿ ನಾಲ್ಕು ಆಜ್ಞೆಗಳು. ಮೂಗನ್ನು ಮೇಲೆ ಕೆಳಗೆ ಮಾಡುವುದು, ರೆಕ್ಕೆಗಳನ್ನು ಎಡಕ್ಕೆ ಬಲಕ್ಕೆ ಓರೆ ಮಾಡುವುದು, ಬಾಲದ ಪಟ್ಟಿಯಿಂದ ಮುಖವನ್ನು ಪಕ್ಕಕ್ಕೆ ತಿರುಗಿಸುವುದು, ಎಂಜಿನಿನ ಶಕ್ತಿ ಹೆಚ್ಚು ಕಡಿಮೆ ಮಾಡುವುದು. ಮೊದಲ ಎರಡು ಹಿಡಿಯಿಂದ, ಮೂರನೆಯದು ಕಾಲಿನ ಪೆಡಲಿನಿಂದ, ನಾಲ್ಕನೆಯದು ಥ್ರಾಟಲ್ ಎಂಬ ಇನ್ನೊಂದು ಹಿಡಿಯಿಂದ. ಗೇಮ್‌ಪ್ಯಾಡಿನ ಹೆಬ್ಬೆರಳಿನ ಕಡ್ಡಿ ಓಡಾಡುವ ಜಾಗ ತೀರಾ ಚಿಕ್ಕದು. ಕೂದಲೆಳೆಯಷ್ಟು ತಳ್ಳಬೇಕಾದಲ್ಲಿ ಕಾಲಿಂಚು ತಳ್ಳಿಬಿಡುತ್ತೇವೆ. ಗಾಳಿಪಟದ ಓಲಾಟಕ್ಕೆ ಕಾರಣ ಇದೇ. ಸ್ಟಿಕ್ಕಿನ ಹಿಡಿ ಉದ್ದ, ಓಡಾಡುವ ಜಾಗ ಹೆಚ್ಚು, ಹಾಗಾಗಿ ಕೈ ಮೆದುವಾಗುತ್ತದೆ.

ಹಿಡಿಯಲ್ಲಿ ಎರಡು ಬಗೆ. ಏರ್‌ಬಸ್ ಎ320 ವಿಮಾನದಲ್ಲಿ ಪೈಲಟ್ಟಿನ ಪಕ್ಕದಲ್ಲಿ ಒಂದು ಸಣ್ಣ ಕೋಲು ಇರುತ್ತದೆ. ಬೋಯಿಂಗಿನಲ್ಲಿ, ಹಾರಾಟದ ಶಾಲೆಗಳಲ್ಲಿ ಸಾಮಾನ್ಯವಾಗಿ ಕಾಣುವ ಸೆಸ್ನಾ 172ರಲ್ಲಿ, ಎರಡು ಕೈಯಲ್ಲಿ ಹಿಡಿಯುವ ಅರ್ಧ ಸ್ಟಿಯರಿಂಗಿನಂತಹ ಯೋಕ್ ಇರುತ್ತದೆ. ಇಂಗ್ಲಿಷಿನಲ್ಲಿ ಎತ್ತಿನ ನೊಗಕ್ಕೂ ಇದೇ ಹೆಸರು. ಯೋಕ್ ನೋಡಲು ಚೆಂದ, ಮಕ್ಕಳ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಆದರೆ ಅದು ಬೆಲೆಬಾಳುವಂಥದ್ದು, ಮೇಜಿನ ಅಂಚಿಗೆ ಬಿಗಿಯಾಗಿ ಕಚ್ಚಿಸಬೇಕು, ತೆಗೆದಿಡಲು ಜಾಗ ಬೇಕು. ಊಟದ ಮೇಜಿನ ಮೇಲೆಯೇ ಓದು, ಬರಹ, ಆಟ ಎಲ್ಲ ನಡೆಯುವ ಮನೆಗೆ ಸ್ಟಿಕ್ಕೇ ಸರಿ. ಅದರಲ್ಲಿ ಏರ್‌ಬಸ್ಸನ್ನೂ ಸೆಸ್ನಾವನ್ನೂ ಹಾರಿಸಬಹುದು.

ಪೆಡಲಿಗೆ ಅವಸರವಿಲ್ಲ. ಸಾಮಾನ್ಯ ಸ್ಟಿಕ್‌ಗಳಲ್ಲಿ ಹಿಡಿಯನ್ನೇ ತಿರುಚಿದರೆ ಪೆಡಲಿನ ಕೆಲಸ ಆಗುತ್ತದೆ. ಕೊಳ್ಳುವಾಗ ಈ ತಿರುಚುವ ಸೌಲಭ್ಯ ಇದೆಯೇ ಎಂದು ನೋಡಿದರೆ ಸಾಕು. ಮುಂದೆ ಪೆಡಲ್ ಬೇಕೆನಿಸಿದರೆ, ಕನ್ಸೋಲಿನವರು ಒಂದು ಮಾತು ನೆನಪಿಡಬೇಕು. ಕಂಪ್ಯೂಟರಿನಲ್ಲಿ ಪೆಡಲಿಗೆ ಬೇರೊಂದು ಯು.ಎಸ್.ಬಿ. ಕಿಂಡಿ ಕೊಟ್ಟರೆ ಆಯಿತು. ಮೇಲೆ ಹೇಳಿದ ಹೋಟಾಸ್ ಒನ್ ಮತ್ತು 4ರಲ್ಲಿ ಅದೇ ಕಂಪೆನಿಯ ಪೆಡಲನ್ನು ಸ್ಟಿಕ್ಕಿನ ಬುಡಕ್ಕೇ ಸಿಕ್ಕಿಸಲು ಹಳೆಯ ಲ್ಯಾಂಡ್‌ಲೈನ್ ಫೋನಿನ ವಯರಿನಂತಹ ಕಿಂಡಿ ಇದೆ. ಕನ್ಸೋಲಿನಲ್ಲಿ ಸುಲಭದ ದಾರಿ ಅದೇ. ಒಂದು ಕಂಪೆನಿಯ ಸ್ಟಿಕ್, ಇನ್ನೊಂದರ ಪೆಡಲ್ ಎಂಬ ಬೆರಕೆ ಕಂಪ್ಯೂಟರಿನಲ್ಲಿ ನಡೆದಂತೆ ಅಲ್ಲಿ ಎಲ್ಲ ಸಲ ನಡೆಯುವುದಿಲ್ಲ.

ಇನ್ನು ಒಳಗಿನ ಮಾತು. ಅಗ್ಗದ ಸ್ಟಿಕ್ಕಿನಲ್ಲಿ ಹಿಡಿ ಎಲ್ಲಿದೆ ಎಂದು ತಿಳಿಯಲು ಹಳೆಯ ರೇಡಿಯೋದ ವಾಲ್ಯೂಮ್ ಗುಂಡಿಯಲ್ಲಿರುವಂತೆ ಒಂದಕ್ಕೊಂದು ಉಜ್ಜುವ ಭಾಗವಿರುತ್ತದೆ. ಉಜ್ಜಿ ಉಜ್ಜಿ ಸವೆಯುತ್ತದೆ, ನಮ್ಮ ಕರಾವಳಿಯ ತೇವದಲ್ಲಿ ಧೂಳೂ ಅಂಟಿಕೊಳ್ಳುತ್ತದೆ. ಆಗ ಕೈ ಬಿಟ್ಟರೂ ವಿಮಾನ ತಾನಾಗಿ ಒಂದು ಬದಿಗೆ ವಾಲುತ್ತದೆ. ಇನ್ನೊಂದು ಬಗೆಯಲ್ಲಿ ಆಯಸ್ಕಾಂತ ಇರುತ್ತದೆ, ಯಾವುದೂ ಯಾವುದನ್ನೂ ಮುಟ್ಟುವುದಿಲ್ಲ. ಎಡ್ವಿನ್ ಹಾಲ್ ಎಂಬ ಅಮೆರಿಕದ ವಿಜ್ಞಾನಿ 1879ರಲ್ಲಿ ಕಂಡುಹಿಡಿದ ತತ್ವ ಇದಕ್ಕೆ ಆಧಾರ. ಪೆಟ್ಟಿಗೆಯ ಮೇಲೆ 'ಹಾಲ್ ಎಫೆಕ್ಟ್' ಎಂದು ಬರೆದಿರುತ್ತಾರೆ. ಥ್ರಸ್ಟ್‌ಮಾಸ್ಟರಿನ ಟಿ.16000ಎಂ ಇಂಥದ್ದು. ಅದನ್ನು ಎಡಗೈಗೂ ಹೊಂದಿಸಿಕೊಳ್ಳಬಹುದು, ಆದರೆ ಕಂಪ್ಯೂಟರಿಗೆ ಮಾತ್ರ. ಕೈಯಲ್ಲಿ ಸ್ವಲ್ಪ ಹೆಚ್ಚು ಹಣವಿದ್ದರೆ, ಇಪ್ಪತ್ತು ಗುಂಡಿ ಜಾಸ್ತಿ ಇರುವುದಕ್ಕಿಂತ ಈ ಆಯಸ್ಕಾಂತದ್ದಕ್ಕೆ ಕೊಡುವುದು ಮೇಲು ಎಂದು ನನ್ನ ಅಭಿಪ್ರಾಯ.

ಯಾರೋ ಬಳಸಿದ್ದನ್ನು ಕೊಳ್ಳುವುದಾದರೆ ವಿಂಡೋಸ್ ಲ್ಯಾಪ್‌ಟಾಪ್ ಜೊತೆಗೊಯ್ಯಿರಿ. ಸ್ಟಿಕ್ ಸಿಕ್ಕಿಸಿ, ರನ್ ಎಂಬಲ್ಲಿ ಜಾಯ್ ಡಾಟ್ ಸಿ.ಪಿ.ಎಲ್. ಎಂದು ಟೈಪ್ ಮಾಡಿದರೆ ಒಂದು ಸಣ್ಣ ಕಿಟಕಿ ತೆರೆಯುತ್ತದೆ. ಪ್ರಾಪರ್ಟೀಸ್ ಒತ್ತಿ. ಹಿಡಿ ಆಡಿಸಿದಂತೆ ಒಂದು ಕೂಡಿಸುವ ಚಿಹ್ನೆ ಚೌಕದೊಳಗೆ ಓಡಾಡುತ್ತದೆ. ಕೈ ಬಿಟ್ಟಾಗ ಅದು ನಡುವಿಗೆ ಬಂದು ನಡುಗದೆ ನಿಲ್ಲಬೇಕು, ಮೂಲೆಗಳವರೆಗೆ ಮುಟ್ಟಬೇಕು, ಒತ್ತಿದ ಗುಂಡಿಯ ದೀಪ ಬೆಳಗಬೇಕು. ಎರಡು ನಿಮಿಷದ ಕೆಲಸ, ಮಾರುವವನ ಎಲ್ಲ ಹೊಗಳಿಕೆಗಿಂತ ಇದು ವಾಸಿ.

ಮನೆಗೆ ತಂದ ಮೇಲೆ

ಮತ್ತೆ ಅಳಿಯನ ಸ್ಟಿಕ್ಕಿನ ಕಥೆಗೆ ಬರುತ್ತೇನೆ. ಮರುದಿನ ಅವನ ಮನೆಗೆ ಹೋಗಿ ಅದನ್ನು ತಿರುಗಿಸಿ ನೋಡಿದೆ. ಬುಡದಲ್ಲಿ ಸಣ್ಣ ಜಾರುಗುಂಡಿ ಇತ್ತು. ಒಂದು ಬದಿಗೆ ಕನ್ಸೋಲ್, ಇನ್ನೊಂದು ಬದಿಗೆ ಪಿ.ಸಿ. ನನ್ನ ಮನಸ್ಸು ಹಗುರಾಯಿತು. ಕನ್ಸೋಲಿಗೆ ಮಾಡಿದ ಇಂತಹ ಸ್ಟಿಕ್‌ಗಳು ಬಹುತೇಕ ಕಂಪ್ಯೂಟರಿಗೂ ಆಗುತ್ತವೆ, ಕಂಪ್ಯೂಟರಿಗೆ ಮಾಡಿದ್ದು ಕನ್ಸೋಲಿಗೆ ಆಗುವುದಿಲ್ಲ. ಯಾವುದನ್ನು ಕೊಳ್ಳಲಿ ಎಂದು ತೀರ್ಮಾನಿಸಲಾಗದೆ ಇರುವವರಿಗೆ ಎರಡಕ್ಕೂ ಆಗುವಂಥದ್ದೇ ಕ್ಷೇಮ.

ನನ್ನ ಮನೆಯ ಹಳೆಯ ಕಂಪ್ಯೂಟರಿಗೆ ಫ್ಲೈಟ್‌ಗಿಯರ್ ಹಾಕಿದೆವು. ಜಾರುಗುಂಡಿಯನ್ನು ಮೊದಲು ಪಿ.ಸಿ. ಕಡೆಗೆ ಸರಿಸಿ, ಆ ಮೇಲೆ ವಯರ್ ಸಿಕ್ಕಿಸಬೇಕು. ಹಿಂದೆ ಮುಂದೆ ಮಾಡಿದರೆ ಮತ್ತೆ ಗೊಂದಲ. ದೀಪ ಬೆಳಗಿತು. ಹುಡುಗನ ಮುಖವೂ.

ಹಾಗೆಂದು ಎಲ್ಲವೂ ಒಮ್ಮೆಗೆ ಸರಿಯಾಗಲಿಲ್ಲ. ಥ್ರಾಟಲನ್ನು ಮುಂದೆ ತಳ್ಳಿದರೆ ಎಂಜಿನ್ ನಿಲ್ಲುತ್ತಿತ್ತು, ಹಿಂದೆ ಎಳೆದರೆ ಗರ್ಜಿಸುತ್ತಿತ್ತು. ಆಟದ ಸೆಟ್ಟಿಂಗಿನಲ್ಲಿ ಆ ಚಲನೆಯನ್ನು ಉಲ್ಟಾ ಮಾಡುವ ಗುರುತು ಹಾಕಿದ ಮೇಲೆ ಸರಿಹೋಯಿತು. ಮತ್ತೊಮ್ಮೆ ವಿಮಾನ ಸುಮ್ಮಸುಮ್ಮನೆ ಬಲಕ್ಕೆ ಎಳೆಯುತ್ತಿತ್ತು. ನೋಡಿದರೆ ನನ್ನ ಮಗಳ ಗೇಮ್‌ಪ್ಯಾಡ್ ಹಿಂಬದಿಯಲ್ಲಿ ಸಿಕ್ಕಿಸಿಯೇ ಇತ್ತು. ಎರಡು ಕೈಗಳು ಒಂದೇ ವಿಮಾನಕ್ಕೆ ಆಜ್ಞೆ ಕೊಡುತ್ತಿದ್ದವು. ಇಳಿಯುವಾಗ ಕೈ ಸಣ್ಣಗೆ ನಡುಗಿದರೂ ಮೂಗು ಏಳುತ್ತಿತ್ತು. ಅದಕ್ಕೆ ನಡುವಿನ ಸ್ವಲ್ಪ ಚಲನೆಯನ್ನು ಲೆಕ್ಕಕ್ಕೆ ಹಿಡಿಯದಂತೆ ಮಾಡುವ 'ಡೆಡ್ ಝೋನ್' ಎಂಬುದಿದೆ, ಅದನ್ನು ತುಸು ಹೆಚ್ಚಿಸಿದೆವು. ಹೆಚ್ಚು ಮಾಡಿದರೆ ಹಿಡಿ ಸತ್ತಂತೆ ಅನಿಸುತ್ತದೆ. ಇವೆಲ್ಲ ಸ್ಟಿಕ್ಕಿನ ದೋಷಗಳಲ್ಲ. ಆದರೆ ಇವಕ್ಕೇ ಹೆದರಿ ಸ್ಟಿಕ್ಕನ್ನು ಪೆಟ್ಟಿಗೆಗೆ ಮರಳಿಸಿದವರನ್ನು ನಾನು ಬಲ್ಲೆ.

ಇದರಿಂದ ಪೈಲಟ್ ಆಗುತ್ತಾನಾ?

ತಂಗಿ ಕೇಳಿದ ಪ್ರಶ್ನೆ ಇದು. ಹಣ ಹಾಕಿದವರೆಲ್ಲ ಕೇಳಬೇಕಾದದ್ದೇ.

ಅಮೆರಿಕದ ಎಡ್ವಿನ್ ಲಿಂಕ್ ಎಂಬಾತ 1929ರ ಹೊತ್ತಿಗೆ ತನ್ನ ತಂದೆಯ ಪಿಯಾನೊ ಮತ್ತು ಆರ್ಗನ್ ವಾದ್ಯಗಳ ಕಾರ್ಖಾನೆಯ ತಿದಿಗಳನ್ನು ಬಳಸಿ, ನೆಲದ ಮೇಲೆಯೇ ಓಲಾಡುವ ಒಂದು ಪುಟ್ಟ ವಿಮಾನ ಮಾಡಿದ. ವಿಮಾನದವರು ಯಾರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಮೊದಲು ಕೊಂಡವರಲ್ಲಿ ಮನೋರಂಜನಾ ಪಾರ್ಕುಗಳೂ ಇದ್ದವು, ಮಕ್ಕಳನ್ನು ಕೂರಿಸಲು. 1934ರಲ್ಲಿ ಅಂಚೆ ಸಾಗಿಸುತ್ತಿದ್ದ ಸೇನಾ ಪೈಲಟ್‌ಗಳು ಕೆಟ್ಟ ಹವೆಯಲ್ಲಿ ಸಿಕ್ಕಿ ಒಬ್ಬೊಬ್ಬರಾಗಿ ಸತ್ತ ಮೇಲೆ ಅಮೆರಿಕದ ಸೇನೆ ಅಂತಹ ಆರು ಯಂತ್ರಗಳನ್ನು ಕೊಂಡಿತು. ಇಂದು ಯಾವ ದೊಡ್ಡ ವಿಮಾನದ ಪೈಲಟ್ಟೂ ಸಿಮ್ಯುಲೇಟರಿನಲ್ಲಿ ಕೂರದೆ ಕಾಕ್‌ಪಿಟ್ಟಿಗೆ ಹೋಗುವುದಿಲ್ಲ.

ಆದರೆ ಮನೆಯ ಆಟ ಅದಲ್ಲ. ನಮ್ಮ ದೇಶದಲ್ಲಿ ವಾಣಿಜ್ಯ ಪೈಲಟ್ ಲೈಸೆನ್ಸಿಗೆ 18 ವರ್ಷ ತುಂಬಿರಬೇಕು, ವೈದ್ಯಕೀಯ ಪರೀಕ್ಷೆಗಳಲ್ಲಿ ಪಾಸಾಗಬೇಕು, 200 ಗಂಟೆಗಳ ಹಾರಾಟದ ಅನುಭವ ಬೇಕು. ಮನೆಯ ಮೇಜಿನ ಮೇಲೆ ಸಾವಿರ ಗಂಟೆ ಹಾರಿಸಿದರೂ ಆ ಲೆಕ್ಕಕ್ಕೆ ಒಂದು ನಿಮಿಷವೂ ಸೇರುವುದಿಲ್ಲ. ಬಣ್ಣ ಗುರುತಿಸುವ ಶಕ್ತಿಯನ್ನೂ ಪರೀಕ್ಷಿಸುತ್ತಾರೆ. ಮಗುವಿಗೆ ನಿಜಕ್ಕೂ ಈ ದಾರಿಯಲ್ಲಿ ಆಸೆಯಿದ್ದರೆ, ದುಬಾರಿ ಯೋಕ್ ಕೊಡಿಸುವ ಮೊದಲು ಒಂದು ಕಣ್ಣಿನ ಪರೀಕ್ಷೆ ಮಾಡಿಸಿ ಎಂದು ತಂಗಿಗೆ ಹೇಳಿದೆ. ಮಾಡಿಸಿದಳು.

ಹಾಗಾದರೆ ಸ್ಟಿಕ್ಕಿನಿಂದ ಏನು ಬಂತು? ಉಪಕರಣಗಳ ಹೆಸರು ಬಂತು, ಗಾಳಿಯ ದಿಕ್ಕು ನೋಡುವ ಅಭ್ಯಾಸ ಬಂತು. ಅವಸರದಲ್ಲಿ ಇಳಿಯಲು ಹೋದರೆ ಬೀಳುತ್ತೇವೆ, ಸಂಶಯ ಬಂದರೆ ಮತ್ತೆ ಮೇಲೇರಿ ಸುತ್ತು ಹಾಕಬೇಕು ಎಂಬುದು ತಿಳಿಯಿತು. ಅದಕ್ಕಿಂತ ಆಶ್ಚರ್ಯವೆಂದರೆ, ಪಕ್ಕದಲ್ಲಿ ನೋಡುತ್ತ ನಿಂತಿದ್ದ ನನ್ನ ಮಗಳು ಒಂದು ಭಾನುವಾರ ಸ್ಟಿಕ್ ಕೇಳಿ ತೆಗೆದುಕೊಂಡು, ಅವನಿಗಿಂತ ಮೆದುವಾಗಿ ಸೆಸ್ನಾವನ್ನು ಇಳಿಸಿದಳು. ವಿಮಾನದ ಸಾಮಾನು ಎಂದರೆ ಗಂಡುಮಕ್ಕಳದ್ದು ಎಂದು ನಾನೂ ಅದುವರೆಗೆ ಅಂದುಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು. ಪೈಲಟ್‌ಗಳಲ್ಲಿ ಮಹಿಳೆಯರ ಪಾಲು ಜಗತ್ತಿನ ಸರಾಸರಿಗಿಂತ ಭಾರತದಲ್ಲಿ ಹೆಚ್ಚು ಎಂಬುದನ್ನು ಅವಳೇ ನನಗೆ ಓದಿ ಹೇಳಿದಳು.

ಭಾವನ ರಜೆ ಮುಗಿಯುವ ಹಿಂದಿನ ದಿನ ಎಲ್ಲರೂ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಹುಡುಗ ತಂದೆಯನ್ನು ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದ. ಪರದೆಯ ಮೇಲೆ ಬಜ್ಪೆಯ ರನ್‌ವೇ, ಗುಡ್ಡವನ್ನು ಮಟ್ಟಸಗೊಳಿಸಿ ಮಾಡಿದ 2450 ಮೀಟರಿನದು, ಆಚೀಚೆ ಇಳಿಜಾರು. ಹದಿನಾಲ್ಕು ವರ್ಷಗಳಲ್ಲಿ ಎಷ್ಟೋ ಸಲ ಕಿಟಕಿಯಿಂದ ಅದನ್ನು ನೋಡಿದ ಮನುಷ್ಯ ಅವರು. "ಬಾಗಿಲ ಕಡೆಯಿಂದ ನೋಡಿದ್ದೇ ಬೇರೆ" ಎಂದು ನಗುತ್ತ ಹಿಡಿ ಹಿಡಿದರು. ಮೊದಲ ಸಲ ರನ್‌ವೇ ದಾಟಿ ಹೋದರು. ಎರಡನೆಯ ಸಲ ಗುಡ್ಡದ ಈಚೆಗೇ ಇಳಿಸಿಬಿಟ್ಟರು. ಮಗ ಹಿಂದೆ ನಿಂತು, ಅವರ ಕೈಯ ಮೇಲೆ ತನ್ನ ಕೈಯಿಟ್ಟು, "ಮೆಲ್ಲ, ಮೆಲ್ಲ ಎಳೆಯಿರಿ" ಎನ್ನುತ್ತಿದ್ದ.

ಮೂರನೆಯ ಸಲ ಚಕ್ರಗಳು ನೆಲ ಮುಟ್ಟಿದವು.